ರಾಮಾಂಜನೇಯನ ಮಾನಿಟರ್

ಮುಲಾಮು ಹಚ್ಚುವವಳಂತೆ ಲಾವಣ್ಯ ಪುಟ್ಟ ಸಿರಿಂಜಿನಿಂದ ಬೂದುಬಣ್ಣದ ಪೇಸ್ಟನ್ನು ಪ್ರೊಸೆಸರಿನ ಬೆನ್ನಿನ ಮೇಲೆ ಹಿಂಡುತ್ತಿದ್ದಾಗ ಚಿಕ್ಕರಾಜು ಉಸಿರು ಬಿಗಿಹಿಡಿದು ಕೂತಿದ್ದ. ಗಂಗಾಲಕ್ಷ್ಮಿಗೆ ಸಿಟ್ಟು ಬಂದಿದ್ದು ಆ ಬಿಗಿಹಿಡಿದ ಉಸಿರಿನ ಮೇಲೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದವಳು, ಒಬ್ಬ ಗಂಡಸು ತನ್ನ ಹೆಂಡತಿಯ ಬೆರಳಿಗೋಸ್ಕರ ಎಷ್ಟು ಹೊತ್ತು ಉಸಿರಾಡದೆ ಇರಬಲ್ಲ ಎಂದು ಒಳಗೇ ಎಣಿಸುತ್ತಿದ್ದಳು. ಹದಿನೇಳಕ್ಕೆ ಅವನು ಉಸಿರು ಬಿಟ್ಟ. ಲಾವಣ್ಯ ನಕ್ಕಳು. ಮದರಂಗಿ ಕೋನ್ ಹಿಡಿದು ಅಭ್ಯಾಸವಿದ್ದ ಕೈ ಅದು, ಸ್ವಲ್ಪವೂ ಚೆಲ್ಲಲಿಲ್ಲ. ಸೊಪ್ಪಿನ ಕಡ್ಡಿಯ ಜೊತೆ ಎಲೆಗಳೂ ಕಸದ ಬುಟ್ಟಿಗೆ ಹೋಗುತ್ತಿವೆ ಎನ್ನುವುದು ಗಂಗಾಲಕ್ಷ್ಮಿಗೆ ಆಮೇಲೆ ಗೊತ್ತಾಯಿತು. ಬುಟ್ಟಿಯಿಂದ ಒಂದೊಂದೇ ಎಲೆ ಆರಿಸಿ ತೆಗೆದಳು. ಯಾರೂ ನೋಡಲಿಲ್ಲ. ಯಾರೂ ನೋಡಲಿಲ್ಲ ಎನ್ನುವುದೂ ಒಂದು ಥರ ಚುಚ್ಚಿತು.

ಭಾನುವಾರ. ನಡುಮನೆಯಲ್ಲಿ ಹಾಸಿದ್ದ ಹಳೆಯ ಬೆಡ್‌ಶೀಟಿನ ಮೇಲೆ ಮೈದುನ ಮತ್ತು ಅವನ ಹೆಂಡತಿ ಎದುರುಬದುರು ಕೂತು ಎಂಟು ತಿಂಗಳಿಂದ ಒಂದೊಂದಾಗಿ ಕೂಡಿಸಿದ್ದ ಸಾಮಾನುಗಳನ್ನು ಜೋಡಿಸುತ್ತಿದ್ದರು. ಚಿಕ್ಕರಾಜು ಪಾವಗಡದ ಕಡೆ ಸೋಲಾರ್ ಪ್ಲಾಂಟಿನಲ್ಲಿ ಪ್ಯಾನೆಲ್ ತೊಳೆಯುವವರ ಮೇಸ್ತ್ರಿ. ಸಂಬಳ ಬಂದ ತಿಂಗಳು ಒಂದು ಡಬ್ಬಿ ಬರುತ್ತಿತ್ತು, ಸಂಬಳ ತಡವಾದ ತಿಂಗಳು ಬರುತ್ತಿರಲಿಲ್ಲ. ಡಬ್ಬಿ ಬಂದ ದಿನ ಇಬ್ಬರೂ ಅದನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಿಚ್ಚಿ, ನೋಡಿ, ಮತ್ತೆ ಮುಚ್ಚಿ ಅಟ್ಟದ ಮೇಲಿಡುತ್ತಿದ್ದರು. ಇದು ಕೆಲಸಕ್ಕೆ ಬೇಕಾದ ಕಂಪ್ಯೂಟರ್ ಅಲ್ಲ, ಆಟ ಆಡುವುದಕ್ಕೆ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಇಬ್ಬರೂ ಮೊಬೈಲಿನಲ್ಲಿ ಆಡುತ್ತಿದ್ದರು, ಲಾವಣ್ಯ ಅವನಿಗಿಂತ ಚೆನ್ನಾಗಿ ಆಡುತ್ತಿದ್ದಳು. ದೊಡ್ಡ ಪರದೆಯಲ್ಲಿ ಆಡಬೇಕು ಎನ್ನುವುದೊಂದೇ ಕಾರಣ. ಬರಿಯ ಖುಷಿಗೋಸ್ಕರ ನಲವತ್ತು ಸಾವಿರ. ಉಪಯೋಗವಿರುವ ವಸ್ತುವಾಗಿದ್ದರೆ ಗಂಗಾಲಕ್ಷ್ಮಿ ಕ್ಷಮಿಸುತ್ತಿದ್ದಳೇನೋ. ಹೊಲಿಗೆ ಮಿಷನ್ನು, ಫ್ರಿಜ್ಜು, ಏನಾದರೂ. ಖುಷಿಯನ್ನು ಹೀಗೆ ತಿಂಗಳಿಗೊಂದು ಡಬ್ಬಿಯಂತೆ ಕೂಡಿಟ್ಟು, ಇನ್ನೂ ಮುಂದೆ ಬೇಕಾದಷ್ಟು ತಿಂಗಳಿವೆ ಎನ್ನುವ ಧೈರ್ಯದಲ್ಲಿ ಕಾಯುವುದು ಅವಳಿಗೆ ಸಹಿಸಲಾಗಲಿಲ್ಲ.

ಲಾವಣ್ಯ ಪಾವಗಡದ ಕಡೆಯ ಹುಡುಗಿ, ಸೋದರ ಸಂಬಂಧದವಳೇ. ಗಂಡನನ್ನು ಮಾವ ಎನ್ನುತ್ತಿದ್ದಳು. ಮೊಬೈಲನ್ನು ಚೊಂಬಿಗೆ ಒರಗಿಸಿ, ಅದರಲ್ಲಿ ಒಬ್ಬ ತೆಲುಗಿನವನು ಕಂಪ್ಯೂಟರ್ ಜೋಡಿಸುವುದನ್ನು ತೋರಿಸುತ್ತಿದ್ದ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ಗಂಡನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. "ಅದಿ ಕಾದು ಮಾವ, ಅದಲ್ಲ, ಆ ಕಡೆ. ಗಾಡಿ ನಂಬರ್ ಪ್ಲೇಟಿಗೆ ಸ್ಕ್ರೂ ಹಾಕ್ದಂಗೆ ಹಾಕ್ಬ್ಯಾಡ, ನಿಧಾನಕ್ಕೆ." ಅವಳು ಹಟ ಮಾಡಿ ಆರಿಸಿದ್ದು ಬಣ್ಣದ ದೀಪ ಉರಿಯುವ ಮೂರು ಫ್ಯಾನುಗಳ, ಗಾಜಿನ ಪಕ್ಕೆಯ ಪೆಟ್ಟಿಗೆ. ಆ ಖರ್ಚನ್ನು ಸರಿದೂಗಿಸಲು ಚಿಕ್ಕರಾಜು ವಿಡಿಯೊದವನು ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಪ್ರೊಸೆಸರ್ ತಂದಿದ್ದ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ಸಿರಾದಲ್ಲಿ ಅಂಗಡಿ ಇಟ್ಟುಕೊಂಡಿದ್ದ ಅವನ ಸಹಪಾಠಿ ಕಿರಣ್ ಕುಮಾರ್ ಸೆಕೆಂಡ್‌ಹ್ಯಾಂಡಿನಲ್ಲಿ ಕೊಡಿಸಿದ್ದ. ಮಾನಿಟರಿಗೆ ದುಡ್ಡು ಉಳಿದಿರಲಿಲ್ಲ.

ಮಾನಿಟರು ಗಂಗಾಲಕ್ಷ್ಮಿಯ ಕೋಣೆಯಲ್ಲಿತ್ತು. ಗುರುವಾರ ಅವಳು ಕೊರಟಗೆರೆಯ ಕಾಲೇಜಿನಿಂದ ಪಾಠ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದಾಗ ಚಿಕ್ಕರಾಜು ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತಾ, ಅಣ್ಣನ ಮಾನಿಟರು ಹೆಂಗೂ ಸುಮ್ಮನೆ ಐತಲ್ಲ ಅತ್ತಿಗೆ, ನಿಮಗೆ ಬೇಜಾರಿಲ್ಲ ಅಂದ್ರೆ ಮಾತ್ರ, ಎಂದು ಅರ್ಧಕ್ಕೆ ನಿಲ್ಲಿಸಿದ್ದ. ತಗೊಳ್ಳಿ ಎಂದುಬಿಟ್ಟಿದ್ದಳು. ತೀರ ಬೇಗ. ಒಂದು ಗಳಿಗೆಯಾದರೂ ಸುಮ್ಮನಿದ್ದಿದ್ದರೆ ಅವನಿಗೆ ತಾನು ಏನು ಕೇಳುತ್ತಿದ್ದೇನೆ ಎನ್ನುವುದು ಮುಟ್ಟುತ್ತಿತ್ತು. ಅವಳ ಗಂಡ ರಾಮಾಂಜನೇಯ ಬದುಕಿದ್ದಾಗ ಮದುವೆ ಫೋಟೊಗಳ ಆಲ್ಬಮ್ ಮಾಡುತ್ತಿದ್ದ ಕಂಪ್ಯೂಟರಿನ ಪೆಟ್ಟಿಗೆಯನ್ನು ಹೋದ ವರ್ಷ ಸ್ಟುಡಿಯೊದವರು ಕೊಂಡು ಹೋಗಿದ್ದರು, ಮಾನಿಟರು ಹಳೆಯದು ಬೇಡ ಎಂದಿದ್ದರು. ಬೇಡವಾದದ್ದು ಅವಳ ಪಾಲಿಗೆ ಉಳಿದಿತ್ತು. ಅದಕ್ಕೆ ದಿಂಬಿನ ಗವಸು ತೊಡಿಸಿದ್ದಳು. ಗುರುವಾರ ಸಾಯಂಕಾಲ ಲಾವಣ್ಯ ಗವಸು ಕಳಚಿ, ಮಡಿಸಿ, ಅವಳ ಮಂಚದ ಮೇಲಿಟ್ಟು ಹೋಗಿದ್ದಳು. ಎಷ್ಟು ಅಚ್ಚುಕಟ್ಟಾಗಿ ಮಡಿಸಿದ್ದಳೆಂದರೆ ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಹನ್ನೊಂದರ ಹೊತ್ತಿಗೆ ಎಲ್ಲ ಮುಗಿಯಿತು. ಅತ್ತೆ ನಾಗಕ್ಕ ಹೊಸ ಗಾಡಿಗೆ ಮಾಡುವಂತೆ ಇದಕ್ಕೂ ಪೂಜೆ ಆಗಬೇಕು ಎಂದಳು. ಗಾಜಿನ ಪಕ್ಕೆಗೆ ಲಾವಣ್ಯ ಅರಿಸಿನ ಕುಂಕುಮ ಇಟ್ಟಳು, ಮೇಲೆ ಒಂದು ನಿಂಬೆಹಣ್ಣು, ಎರಡು ಚೆಂಡು ಹೂವು. ಗಂಡ ಹೆಂಡತಿ ಒಟ್ಟಿಗೆ ಕೂತರು. ಗಂಗಾಲಕ್ಷ್ಮಿ ತಾನಾಗಿ ಅಲ್ಲಿಗೆ ಹೋಗಿರಲಿಲ್ಲ. ಬಾಗಿಲಲ್ಲೇ ಇದ್ದಳು, ಕೈಯಲ್ಲಿ ಊದುಬತ್ತಿಯ ಪೊಟ್ಟಣವಿತ್ತು, ಅದನ್ನು ಕೊಡಲು ಒಂದು ಹೆಜ್ಜೆ ಮುಂದಿಟ್ಟಿದ್ದಳು ಅಷ್ಟೆ. ನಾಗಕ್ಕ ತಿರುಗಿಯೂ ನೋಡದೆ, ಬಹಳ ಮೆತ್ತಗೆ ಹೇಳಿದಳು.

"ಒಳಗೆ ಹಾಲು ನೋಡ್ಕಳಮ್ಮ ಗಂಗಾ, ಉಕ್ಕೀತು."

ಒಲೆಯ ಮೇಲೆ ಹಾಲಿರಲಿಲ್ಲ. ಬೆಳಿಗ್ಗೆಯೇ ಕಾಯಿಸಿ ಇಳಿಸಿ ಮುಚ್ಚಿಟ್ಟಾಗಿತ್ತು, ಮುಚ್ಚಿಟ್ಟವಳು ನಾಗಕ್ಕನೇ. ಗಂಗಾಲಕ್ಷ್ಮಿ ತಣ್ಣಗಿದ್ದ ಒಲೆಯ ಮುಂದೆ ನಿಂತಳು. ಅತ್ತೆ ಕೆಟ್ಟವಳಲ್ಲ. ಇಂಥ ಮಾತನ್ನು ನೋವಾಗದಂತೆ ಆಡಲು ಹಾಲನ್ನು ಹುಡುಕಿಕೊಂಡಳು, ಅದಕ್ಕೇ ಅದು ಹೆಚ್ಚು ನೋಯಿಸಿತು. ಹೊರಗೆ ತೆಂಗಿನಕಾಯಿ ಒಡೆದ ಸದ್ದು. ಅವಳು ಲೈಟರು ಹುಡುಕಿ ಒಲೆ ಹಚ್ಚಿ ಹಾಲಿನ ಪಾತ್ರೆಯನ್ನು ಮತ್ತೆ ಮೇಲಿಟ್ಟಳು, ಅತ್ತೆಯ ಸುಳ್ಳು ಸುಳ್ಳಾಗಿಯೇ ಉಳಿಯದಿರಲಿ ಎಂದು. ಎಂ.ಎ. ತರಗತಿಯಲ್ಲಿ ಇಂಥದ್ದರ ಬಗ್ಗೆ ಒಂದು ಗಂಟೆ ಮಾತಾಡಿದ್ದವಳು ತಾನು ಎನ್ನುವುದು ಬೇರೆ ಯಾರದೋ ಸುದ್ದಿಯಂತೆ ನೆನಪಾಗಿ ಹೋಯಿತು. ಹಾಲು ನಿಜವಾಗಿಯೂ ಉಕ್ಕಿ ಬರುವ ಹೊತ್ತಿಗೆ ಲಾವಣ್ಯ ಸ್ವಿಚ್ಚು ಒತ್ತಿದಳು.

ಫ್ಯಾನುಗಳು ತಿರುಗಿದವು. ಕೆಂಪು, ನೀಲಿ, ಹಸಿರು ಬೆಳಕು ಗೋಡೆಯ ಮೇಲೆಲ್ಲ ಓಡಾಡಿತು. ನಾಗಕ್ಕ ಕೈಮುಗಿದಳು. ಆದರೆ ಮಾನಿಟರಿನಲ್ಲಿ ಏನೂ ಬರಲಿಲ್ಲ. ಅದರ ಕೆಳಗಿನ ಚಿಕ್ಕ ದೀಪ ಕಿತ್ತಳೆ ಬಣ್ಣದಲ್ಲಿ ಮಿಣುಕುತ್ತಿತ್ತು, ಅಷ್ಟೆ. ಆರಿಸಿ ಮತ್ತೆ ಹಾಕಿದರು. ಮತ್ತೆ ಆರಿಸಿದರು. ತೆಲುಗಿನವನ ವಿಡಿಯೊವನ್ನು ಹಿಂದಕ್ಕೆ ಓಡಿಸಿ ನೋಡಿದರು. ಅವನು ಮಾಡಿದ್ದನ್ನೆಲ್ಲ ಅವರೂ ಮಾಡಿದ್ದರು, ಅವನು ತಂತಿ ಚುಚ್ಚಿದ ಜಾಗದಲ್ಲೇ ಚುಚ್ಚಿದ್ದರು.

ಪೆಟ್ಟಿಗೆಯ ಬೆನ್ನು ಅಡುಗೆಮನೆಯ ಕಡೆಗಿತ್ತು. ಬಾಗಿಲಿಗೆ ಬಂದ ಗಂಗಾಲಕ್ಷ್ಮಿಗೆ ಕಂಡಿದ್ದು ಒಂದೇ ಕ್ಷಣದಲ್ಲಿ. ಮಾನಿಟರಿನ ತಂತಿ ಮೇಲೆ, ಮೌಸು ಕೀಬೋರ್ಡುಗಳ ತಂತಿಯ ಪಕ್ಕದಲ್ಲಿತ್ತು. ಅದು ಕೆಳಗೆ, ಗ್ರಾಫಿಕ್ಸ್ ಕಾರ್ಡಿನಲ್ಲಿ ಇರಬೇಕಾಗಿತ್ತು. ವಿಡಿಯೊದವನ ದುಬಾರಿ ಪ್ರೊಸೆಸರಿಗೆ ಚಿತ್ರ ತೋರಿಸುವ ಶಕ್ತಿ ತನ್ನೊಳಗೇ ಇತ್ತು, ಅವನು ಎಲ್ಲಿ ಚುಚ್ಚಿದರೂ ನಡೆಯುತ್ತಿತ್ತು. ಇವರು ದುಡ್ಡು ಉಳಿಸಲು ತಂದ ಅಗ್ಗದ್ದಕ್ಕೆ ಅದು ಇಲ್ಲ. ಬಾಯಿ ತೆರೆದಳು ಕೂಡ. ತೆರೆದ ಬಾಯಲ್ಲಿ ಮಾತು ಬರುವ ಮೊದಲು ಆರು ವರ್ಷದ ಹಿಂದಿನ ಇದೇ ನಡುಮನೆ ಬಂದು ನಿಂತಿತು.

ಎರಡು ದಿನ ರಾಮಾಂಜನೇಯ, ತಾನೇ ಕಂಪ್ಯೂಟರ್ ಜೋಡಿಸಿ, ಊಟ ಬಿಟ್ಟು ಇದೇ ಕಪ್ಪು ಪರದೆಯ ಮುಂದೆ ಕೂತಿದ್ದ. ಮೂರನೆಯ ದಿನ ಅವಳು ಮೇಜಿನ ಕೆಳಗೆ ಬಿದ್ದ ಓಲೆಯ ತಿರುಪು ಹುಡುಕಲು ಮೊಬೈಲಿನ ಬೆಳಕು ಹಿಡಿದು ತೂರಿಕೊಂಡಿದ್ದಳು. ತಂತಿ ಚುಚ್ಚೋ ಇದೇ ಥರದ್ದು ಇನ್ನೊಂದು ಕೆಳಗೂ ಐತಲ್ರೀ, ಎರಡು ಯಾಕೆ, ಎಂದು ಕೇಳಿದ್ದಳು. ಅವನು ಕುರ್ಚಿ ಬಿಟ್ಟು ಎದ್ದ. ಆಮೇಲೆ ತಾನೂ ಮೇಜಿನ ಕೆಳಗೆ ತೂರಿ, ತಂತಿ ಬದಲಿಸಿ, ಮೇಲೆ ಬೆಳಕು ಬಂದದ್ದು ನೆಲದ ಮೇಲೆ ಬಿದ್ದಾಗ, ಅಲ್ಲೇ, ಧೂಳಿನಲ್ಲಿ, ಅವಳ ಹಣೆಗೆ ಹಣೆ ಹಚ್ಚಿ ನಕ್ಕಿದ್ದ, ಯಾಕೆ ಹಾಗಾಯಿತೆಂದು ಬಿಡಿಸಿ ಹೇಳಿದ್ದ. ಸ್ಟುಡಿಯೊದಲ್ಲಿ ಯಾರಿಗೂ ಹೇಳಬ್ಯಾಡ ಮಾರಾಯ್ತಿ, ಮಾನ ಹೋಗ್ತದೆ, ನಮ್ಮಿಬ್ಬರಲ್ಲೇ ಇರಲಿ ಎಂದಿದ್ದ. ಅವಳು ಯಾರಿಗೂ ಹೇಳಿರಲಿಲ್ಲ. ಕೊರಟಗೆರೆ ರಸ್ತೆಯಿಂದ ಅವನನ್ನು ಮನೆಗೆ ತಂದ ದಿನವೂ, ಆಮೇಲೆ ಬಂದವರು ಹೋದವರು ಅವನ ಬಗ್ಗೆ ಏನೇನೋ ಹೇಳಿ ಅತ್ತಾಗಲೂ, ಅವಳು ಹೇಳದೆ ಇಟ್ಟುಕೊಂಡದ್ದು ಇದೊಂದೇ. ಉಳಿದದ್ದನ್ನೆಲ್ಲ ಜನ ಹಂಚಿಕೊಂಡಿದ್ದರು. ಅವನ ಅಂಗಿಗಳನ್ನು, ಕ್ಯಾಮೆರಾವನ್ನು, ಮಾತಾಡುವ ಧಾಟಿಯನ್ನು. ಇದನ್ನೂ ಈಗ ಬೆಡ್‌ಶೀಟಿನ ಮೇಲೆ ಕೂತ ಈ ಇಬ್ಬರಿಗೆ ಕೊಟ್ಟರೆ, ಅವರು ನಗುತ್ತಾರೆ, ಒಬ್ಬರನ್ನೊಬ್ಬರು ತಳ್ಳುತ್ತಾರೆ, ಸಾಯಂಕಾಲದ ಹೊತ್ತಿಗೆ ಅದು ಅವರದಾಗಿರುತ್ತದೆ.

ಬಾಯಿ ಮುಚ್ಚಿದಳು. ಒಳಗೆ ಹೋಗಿ ಒಲೆಯ ಮೇಲೆ ಚೆಲ್ಲಿದ್ದ ಹಾಲನ್ನು ಒರೆಸಿದಳು.

ಹೊರಗಿನ ಮಾತು ಕೇಳುತ್ತಲೇ ಇತ್ತು. ಚಿಕ್ಕರಾಜು ಮೊದಲು ಸಮಾಧಾನದಿಂದಿದ್ದ. ಆಮೇಲೆ, ದೀಪ ದೀಪ ಅಂತ ಕುಣಿದೆ, ದೀಪ ಉರೀತಾವೆ ನೋಡ್ಕಂಡು ಕೂತ್ಕೊ ಎಂದ. ಲಾವಣ್ಯ, ನೀನು ಪೀನಾರಿತನ ಮಾಡಿ ಸೆಕೆಂಡ್‌ಹ್ಯಾಂಡ್ ತಂದದ್ದಕ್ಕೆ ನಾನೇನು ಮಾಡ್ಲಿ ಎಂದಳು. ಅವಳ ದನಿ ಒಡೆದಿತ್ತು. ಗಂಗಾಲಕ್ಷ್ಮಿಯ ಎದೆಯೊಳಗೆ ಏನೋ ಬೆಚ್ಚಗಾಯಿತು, ಬಹಳ ದಿನದ ಮೇಲೆ. ಅದು ಏನೆಂದು ಅವಳಿಗೆ ಗೊತ್ತಿತ್ತು, ಗೊತ್ತಿಲ್ಲದವಳಂತೆ ಒರೆಸುವ ಬಟ್ಟೆಯನ್ನು ಹಿಂಡಿದಳು. ಇನ್ನೂ ಜಗಳವಾಡಲಿ. ಒಂದು ಭಾನುವಾರವಾದರೂ ಈ ಮನೆಯಲ್ಲಿ ಇಬ್ಬರು ಬೇರೆ ಬೇರೆ ಕಡೆ ಮುಖ ಮಾಡಿ ಮಲಗಲಿ.

ಆಗ ನಾಗಕ್ಕ ಹೇಳಿದಳು.

"ನಾನು ಮೊದ್ಲೇ ಅಂದ್ನಲ್ಲಾ ರಾಜು, ಹೋದೋನ ಸಾಮಾನು ಇದಕ್ಕೆ ಸೇರಿಸ್ಬ್ಯಾಡ್ರಿ ಅಂತ. ಬಂಗಾರದಂಥ ದಿನ. ಮೊದ್ಲು ಅದನ್ನ ತಗ್ದು ಹೊರಗಿಕ್ಕು."

ಚಿಕ್ಕರಾಜು ಹಾಗನ್ನಬೇಡ ಅವ್ವ ಎಂದ. ಆದರೆ ಸ್ವಲ್ಪ ಹೊತ್ತಿನ ಮೇಲೆ ಅವನೇ, ಮಾನಿಟರು ಎರಡು ವರ್ಷ ಸುಮ್ಮನಿತ್ತು, ಅದೇ ಹೋಗಿರಬಹುದು ಎಂದ. ಕಿರಣನ ಹತ್ತಿರ ಹಳೆಯದೊಂದು ಇದೆ, ಇದನ್ನು ಬಿಡಿಭಾಗಕ್ಕೆ ಅವನಿಗೆ ಕೊಟ್ಟು ಅದನ್ನು ತರೋಣ. ಕಿರಣ್ ಕುಮಾರ್ ಫೋನು ಎತ್ತಲಿಲ್ಲ. ಇಬ್ಬರೂ ಬೈಕಿನಲ್ಲಿ ಸಿರಾಕ್ಕೆ ಹೊರಟರು. ಗಂಗಾಲಕ್ಷ್ಮಿ ಕಿಟಕಿಯಿಂದ ನೋಡಿದಳು. ಲಾವಣ್ಯ ಗಂಡನನ್ನು ಹಿಡಿಯದೆ ಹಿಂದಿನ ಕಂಬಿಯನ್ನು ಹಿಡಿದು ಕೂತಿದ್ದಳು, ಇಬ್ಬರ ನಡುವೆ ಒಂದು ಗೇಣು ಜಾಗವಿತ್ತು. ಆ ಒಂದು ಗೇಣು ತಾನು ಮಾಡಿದ್ದು. ಬೈಕು ತಿರುಗಿ ಮರೆಯಾಗುವವರೆಗೂ ಅದನ್ನೇ ನೋಡಿದಳು.

ನಾಗಕ್ಕ ಚಾಪೆ ಹಾಸಿಕೊಂಡು ಮಲಗಿದಳು. ಮಧ್ಯಾಹ್ನ ಊರ ಪಕ್ಕದ ಬೆಟ್ಟದ ಬಂಡೆ ಕಾದು ಅದರ ಝಳ ಬೀದಿಗೆ ಇಳಿದಿತ್ತು. ಗಂಗಾಲಕ್ಷ್ಮಿ ಮುದ್ದೆಗೆ ಎಸರಿಟ್ಟು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಗ್ರಾಫಿಕ್ಸ್ ಕಾರ್ಡಿನ ವಿಷಯ ತನಗೆ ಗೊತ್ತು, ಮಾನಿಟರಿಗೆ ಏನೂ ಆಗಿಲ್ಲ, ಗೊತ್ತು. ಆದರೂ ಹೋದೋನ ಸಾಮಾನು ಎನ್ನುವ ಮಾತು ಜರಡಿಯಲ್ಲಿ ಉಳಿದ ತೌಡಿನಂತೆ ಕೆಳಗಿಳಿಯಲಿಲ್ಲ. ಒಂದು ವೇಳೆ ಅದೂ ಹೋಗಿದ್ದರೆ? ಗವಸಿನೊಳಗೆ, ತನ್ನ ಮಂಚದ ಪಕ್ಕದಲ್ಲೇ, ಯಾವುದೋ ದಿನ ಸುಮ್ಮನೆ ಹೋಗಿದ್ದು ತನಗೆ ತಿಳಿಯದೇ ಇದ್ದಿದ್ದರೆ? ಜರಡಿ ಇಟ್ಟು ಎದ್ದಳು. ನಡುಮನೆಗೆ ಬಂದಳು. ನಾಗಕ್ಕನ ಗೊರಕೆ ಕೇಳುತ್ತಿತ್ತು. ಪೆಟ್ಟಿಗೆಯ ಹಿಂದೆ ಮಂಡಿಯೂರಿ ತಂತಿಯನ್ನು ಕಿತ್ತು, ಕೆಳಗೆ ಚುಚ್ಚಿ, ಸ್ವಿಚ್ಚು ಹಾಕಿದಳು.

ಬೆಳಕು ಬಂತು. ಕಪ್ಪು ಹಾಳೆಯ ಮೇಲೆ ಬಿಳಿಯ ಇಂಗ್ಲಿಷು ಅಕ್ಷರಗಳಲ್ಲಿ ಒಂದು ಪ್ರಶ್ನೆ: ಹೊಸ ಪ್ರೊಸೆಸರ್ ಕೂರಿಸಿದ್ದೀರಿ, ಹಳೆಯದರ ಗುರುತುಗಳನ್ನು ಅಳಿಸಲೇ, ಹೌದಾದರೆ ವೈ ಒತ್ತಿ, ಬೇಡವಾದರೆ ಎನ್. ಅವಳು ಅದನ್ನು ಎರಡು ಸಲ ಓದಿದಳು. ವೈ ಒತ್ತಿದಳು. ಒಳಗೆ ಇನ್ನೂ ಏನೂ ತುಂಬಿರದ ಯಂತ್ರ ಒಂದು ನೀಲಿ ಪುಟ ತೋರಿಸಿ ನಿಂತಿತು. ಎಡಭಾಗದಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ ಇತ್ತು. ರಾಮಾಂಜನೇಯ ಯಾವ ಮದುವೆಯ ಚಿತ್ರ ತೆರೆದರೂ ಆ ಚುಕ್ಕೆ ಯಾರದಾದರೂ ಕೆನ್ನೆಯ ಮೇಲೆ ಬರುತ್ತಿತ್ತು, ದೃಷ್ಟಿಬೊಟ್ಟು ಪುಕ್ಕಟೆ ಎನ್ನುತ್ತಿದ್ದ. ಅವಳು ಆ ಚುಕ್ಕೆಯನ್ನು ಮುಟ್ಟಿದಳು. ಪರದೆ ಬೆಚ್ಚಗಿತ್ತು. ಅಳು ಬರಬಹುದೆಂದು ಕಾದಳು. ಬರಲಿಲ್ಲ. ಎರಡು ವರ್ಷದಿಂದ ಹೀಗೇ, ಬರಬೇಕಾದ ಕಡೆ ಕಾಯುವುದು, ಬರದೆ ಎದ್ದು ಹೋಗುವುದು. ಅತ್ತೆಗಾಗಲೀ, ಆ ಇಬ್ಬರಿಗಾಗಲೀ ಕಾಣದೆ, ಈ ಬೆಳಕು ಸ್ವಲ್ಪ ಹೊತ್ತು ತನ್ನೊಬ್ಬಳದೇ ಆಗಿತ್ತು. ಎಷ್ಟು ಹೊತ್ತು ಕೂತಿದ್ದಳೋ. ಒಳಗೆ ಎಸರು ಕೊತಕೊತ ಎನ್ನುತ್ತಿತ್ತು.

ತಿರುವಿನಲ್ಲಿ ಬೈಕಿನ ಸದ್ದಾಯಿತು. ಒಂದಲ್ಲ, ಎರಡು ಬೈಕು. ಹೀಗೇ ಬಿಟ್ಟು ಎದ್ದರೆ ಸಾಕಾಗಿತ್ತು. ಬಾಗಿಲು ತೆರೆದು ಬಂದವರಿಗೆ ಬೆಳಕು ಕಾಣುತ್ತಿತ್ತು, ಅತ್ತಿಗೆಯೇ ಸರಿಮಾಡಿದರು ಎಂದು ಚಿಕ್ಕರಾಜು ಊರಿಗೆಲ್ಲ ಹೇಳುತ್ತಿದ್ದ, ನಾಗಕ್ಕ ತನ್ನ ಮಾತಿಗೆ ತಾನೇ ನಾಚುತ್ತಿದ್ದಳು, ಮಾನಿಟರು ಉಳಿಯುತ್ತಿತ್ತು. ಎಲ್ಲವೂ ತಿಳಿದಿತ್ತು ಅವಳಿಗೆ. ಆದರೆ ಕೈ ಆಗಲೇ ಸ್ವಿಚ್ಚು ಆರಿಸಿತ್ತು, ತಂತಿಯನ್ನು ಕಿತ್ತಿತ್ತು, ಮೇಲಿನ ತಪ್ಪು ಜಾಗಕ್ಕೆ ಮತ್ತೆ ಚುಚ್ಚಿತ್ತು. ಆ ಒಂದು ಗೇಣು ಜಾಗ ಇನ್ನೂ ಒಂದು ಗಂಟೆ ಇರಲಿ ಎನ್ನುವುದಷ್ಟೇ ಕೈಗೆ ಬೇಕಾಗಿದ್ದದ್ದು. ಅಡುಗೆಮನೆಗೆ ಓಡಿಬಂದು ಕಿಟಕಿಯಿಂದ ನೋಡಿದಳು. ಲಾವಣ್ಯ ಬೈಕಿನಿಂದ ಇಳಿಯುತ್ತಿದ್ದಳು. ಅವಳ ಕೈ ಗಂಡನ ಹೆಗಲ ಮೇಲಿತ್ತು. ಇಬ್ಬರ ಬಾಯೂ ಕಬ್ಬಿನ ಹಾಲು ಕುಡಿದು ಒದ್ದೆಯಾಗಿತ್ತು. ಸಿರಾದಿಂದ ಬರುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಜಗಳ ಮುಗಿದಿತ್ತು, ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಕಿರಣ್ ಕುಮಾರ್ ಲುಂಗಿಯಲ್ಲಿ ಸುತ್ತಿ ತಂದಿದ್ದ ಮಾನಿಟರನ್ನು ಬಿಚ್ಚಿ ಅದೇ ತಂತಿಗೆ ಸಿಕ್ಕಿಸಿದ. ಅದರಲ್ಲೂ ಏನೂ ಬರಲಿಲ್ಲ. ಹಂಗಾದ್ರೆ ನಿಮ್ಮಣ್ಣಂದು ಸರಿಯಾಗೈತೆ ಕಣ್ಲಾ ಎಂದು ಪೆಟ್ಟಿಗೆಯ ಹಿಂದಕ್ಕೆ ಬಗ್ಗಿದವನು ಹಾಗೇ ಕೂತು ನಗತೊಡಗಿದ. ತಂತಿ ಬದಲಿಸಿದ, ರಾಮಾಂಜನೇಯನ ಮಾನಿಟರನ್ನೇ ಮತ್ತೆ ಸಿಕ್ಕಿಸಿದ, ಬೆಳಕು ಬಂತು. ಅಂಗಡಿಗೆ ಬರುವವರಲ್ಲಿ ಹತ್ತಕ್ಕೆ ನಾಲ್ಕು ಜನ ಹೊತ್ತು ತರುವುದು ಇದೇ ಕಾಯಿಲೆಯನ್ನು ಎಂದ. ಹತ್ತಕ್ಕೆ ನಾಲ್ಕು. ಗಂಗಾಲಕ್ಷ್ಮಿ ಹಿಟ್ಟಿನ ಕೈಯನ್ನು ಗಾಳಿಯಲ್ಲೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲಾವಣ್ಯ ಗಂಡನ ಬೆನ್ನಿಗೆ ಗುದ್ದಿದಳು, ಅವನು ಬಿದ್ದವನಂತೆ ನಟಿಸಿದ. ನಾಗಕ್ಕ ಎದ್ದು ಕೂತು, ಬಂತೇನ್ರೋ, ನನ್ನಪ್ಪಂದು ಬಂತೇನ್ರೋ ಎಂದು ಕಣ್ಣೊರೆಸಿಕೊಂಡಳು. ಮಗನ ಮೇಲಿನ ಅಪವಾದ ಕಳೆಯಿತೆಂದೋ ಏನೋ.

ಕಿರಣ್ ಕುಮಾರನ ನಗು ನಿಂತಿತು. ಪರದೆಯ ಮೇಲಿನ ನೀಲಿ ಪುಟ ನೋಡಿ ಹುಬ್ಬು ಗಂಟಿಕ್ಕಿದ.

"ಇದೇನ್ಲಾ ರಾಜು. ಹೊಸ ಪ್ರೊಸೆಸರ್ ಹಾಕಿದ್ರೆ ಮೊದಲ್ನೇ ಸಲ ಒಂದು ಪ್ರಶ್ನೆ ಕೇಳ್ತೈತೆ, ಒಂದೇ ಸಲ. ಇದು ಕೇಳ್ಲೇ ಇಲ್ಲ. ಆಗ್ಲೇ ಯಾರೋ ಉತ್ತರ ಕೊಟ್ಟವ್ರೆ."

ಚಿಕ್ಕರಾಜು, ಪರದೆಯೇ ಬಂದಿರಲಿಲ್ಲವಲ್ಲ, ಯಾರು ಕೊಡುತ್ತಾರೆ ಎಂದ. ಲಾವಣ್ಯ ಕೀಬೋರ್ಡಿನ ಕಡೆ ನೋಡಿದಳು. ಗಂಗಾಲಕ್ಷ್ಮಿಯೂ ನೋಡಿದಳು. ಕರಿಯ ಕೀಲಿಗಳ ಸಾಲಿನಲ್ಲಿ ವೈ ಒಂದರ ಮೇಲೆ ಬೆರಳಿನ ಗುರುತು, ನಸುಗೆಂಪು ಬೂದು, ರಾಗಿಹಿಟ್ಟು. ಗೆರೆಗಳೂ ಎಣಿಸುವಷ್ಟು ಸ್ಪಷ್ಟ. ಲಾವಣ್ಯ ತಲೆಯೆತ್ತಿ ಬಾಗಿಲಲ್ಲಿ ಗಾಳಿಯಲ್ಲಿ ನಿಂತಿದ್ದ ಆ ಕೈಯನ್ನು ನೋಡಿದಳು, ಮುಖವನ್ನು ನೋಡಲಿಲ್ಲ. ಆಮೇಲೆ ದುಪಟ್ಟಾದ ಅಂಚಿನಿಂದ ಕೀಬೋರ್ಡಿನ ಧೂಳು ಒರೆಸುವವಳಂತೆ ಒರೆಸಿದಳು.

"ನಾನೇ. ಬೆಳಿಗ್ಗೆ ಸಿಟ್ಟಿಗೆ ಸಿಕ್ಕಿದ್ದೆಲ್ಲಾ ಒತ್ತಿದ್ದೆ."

ಕಣ್ಮುಚ್ಚಿ ಒತ್ತಿದರೂ ತಗೊಳ್ತೈತೆ ಬಿಡು ಎಂದು ಕಿರಣ್ ಕುಮಾರ್ ಮುಂದಿನ ಕೆಲಸಕ್ಕೆ ಕೈಹಾಕಿದ. ನಿನ್ನ ಸಿಟ್ಟಿಗೂ ಒಂದು ಉಪಯೋಗ ಐತೆ ಎಂದು ಚಿಕ್ಕರಾಜು ಹೆಂಡತಿಯನ್ನು ಛೇಡಿಸಿದ. ಗಂಗಾಲಕ್ಷ್ಮಿ ಒಳಗೆ ಬಂದು ಎಸರಿಗೆ ಹಿಟ್ಟು ಸುರಿದಳು. ಬೈದಿದ್ದರೆ ಆಗುತ್ತಿತ್ತು. ಎಲ್ಲರ ಮುಂದೆ, ಅಕ್ಕನೇ ಒತ್ತಿದ್ದು, ಗೊತ್ತಿದ್ದೂ ಸುಮ್ಮನಿದ್ದಳು ಎಂದು ಹೇಳಿದ್ದರೆ ಈ ಹೊತ್ತಿಗೆ ತಾನು ಕೋಣೆಯ ಬಾಗಿಲು ಹಾಕಿಕೊಂಡು ಅವಳನ್ನು ನಿಶ್ಚಿಂತೆಯಾಗಿ ದ್ವೇಷಿಸಬಹುದಿತ್ತು. ಗಂಡ, ಬೆಳಕು, ಬಾಯಿಗೆ ಅಂಟಿದ ಕಬ್ಬಿನ ಹಾಲು, ಎಲ್ಲ ಇದ್ದವಳಿಗೆ ಈಗ ಒಳ್ಳೆಯತನವೂ ಬೇಕಾಯಿತು. ಅದನ್ನೂ ತೆಗೆದುಕೊಂಡಳು.

ಲಾವಣ್ಯ ಅಡುಗೆಮನೆಗೆ ಬಂದಳು. ಬಂದವಳು ಏನೂ ಕೇಳದೆ ಮುದ್ದೆಕೋಲು ತೆಗೆದುಕೊಂಡು ತಿರುವತೊಡಗಿದಳು. ತಿರುವುವುದಕ್ಕೆ ಬಲ ಬೇಕು, ಬಳೆಗಳು ಮೊಣಕೈಯ ಕಡೆಗೆ ಜಾರಿದವು. ಆವಿ ಅವಳ ಮುಖವನ್ನು ಮುಚ್ಚಿತ್ತು. ಗಂಗಾಲಕ್ಷ್ಮಿ ತಟ್ಟೆಗಳನ್ನು ತೊಳೆದಿಟ್ಟಿದ್ದರೂ ಮತ್ತೆ ತೊಳೆದಳು. ಕೇಳು, ಕೇಳಿಬಿಡು ಎಂದು ಒಳಗೇ ಅನ್ನುತ್ತಿದ್ದಳು.

"ಅಕ್ಕಾ, ಬಾವನೂ ಇಂಗೇ ಮಾಡಿದ್ರಾ? ಮೊದಲ್ನೇ ಸಲ?"

ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಬರಿಯ ಕುತೂಹಲ, ಸ್ವಲ್ಪ ಸಲುಗೆ. ತಂತಿಯ ಗುಟ್ಟು ಅಕ್ಕನಿಗೆ ಹೇಗೆ ಗೊತ್ತು ಎನ್ನುವುದನ್ನು ಅವಳು ದುಪಟ್ಟಾದಿಂದ ಒರೆಸುವಾಗಲೇ ಊಹಿಸಿದ್ದಳು. ಹೌದು ಎಂದಿದ್ದರೆ ಸಾಕಾಗಿತ್ತು. ಹೌದು ಎಂದರೆ ಅವಳು ನಗುತ್ತಿದ್ದಳು, ತಾನೂ ನಗಬಹುದಿತ್ತು, ಈ ಆವಿಯೊಳಗೆ ಇಬ್ಬರು ಹೆಂಗಸರು ತಮ್ಮ ತಮ್ಮ ಗಂಡಂದಿರ ದಡ್ಡತನ ಹೇಳಿಕೊಳ್ಳಬಹುದಿತ್ತು.

"ಇಲ್ಲ," ಎಂದಳು ಗಂಗಾಲಕ್ಷ್ಮಿ. "ಅವರು ಮೊದಲ್ನೇ ಸಲಕ್ಕೇ ಸರಿಯಾಗಿ ಹಾಕಿದ್ರು."

ಲಾವಣ್ಯ ಓ ಎಂದಳು. ಕೋಲಿನಿಂದ ಹಿಟ್ಟನ್ನು ಪಾತ್ರೆಯ ಪಕ್ಕೆಗೆ ಒತ್ತಿ ಗಂಟು ಒಡೆದಳು. ನಡುಮನೆಯಿಂದ ಚಿಕ್ಕರಾಜು ಅವಳನ್ನು ಕೂಗಿದ, ಅವಳು ಬಂದೆ ಎನ್ನುತ್ತಾ ಕೋಲನ್ನು ಅಕ್ಕನ ಕೈಗೆ ಕೊಟ್ಟು ಹೋದಳು. ಗಂಗಾಲಕ್ಷ್ಮಿ ತಿರುವುತ್ತಾ ನಿಂತಳು. ಯಾರಿಗೂ ಕೊಡದೆ ಉಳಿಸಿಕೊಂಡೆ ಎಂದುಕೊಂಡಳು. ಆಮೇಲೆ ಆ ನೆನಪನ್ನು ನೋಡಲೆಂದು ಮನಸ್ಸಿನೊಳಗೆ ಹುಡುಕಿದಾಗ, ರಾಮಾಂಜನೇಯ ಮೇಜಿನ ಮುಂದೆ ಬಗ್ಗಿ ತಂತಿಯನ್ನು ಒಂದೇ ಸಲಕ್ಕೆ ಸರಿಯಾದ ಜಾಗಕ್ಕೆ ಚುಚ್ಚಿದ್ದ, ಬೆಳಕು ಬಂದಿತ್ತು, ಅವನಿಗೆ ಯಾರ ಸಹಾಯವೂ ಬೇಕಾಗಿರಲಿಲ್ಲ, ಮೇಜಿನ ಕೆಳಗೆ ಯಾರೂ ಇರಲಿಲ್ಲ.